ಓದುಗರ ಪ್ರಶ್ನೆ: ಹಳೇ ಔಟ್‌ಬೋರ್ಡ್ ಇಂಜಿನ್ ಎಳೀತಾ ಇಲ್ಲ, ಎಂತ ಮಾಡೂದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಔಟ್‌ಬೋರ್ಡಿಂದೇ, ಅಂದ್ರೆ ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಇಂಜಿನ್ನಿಂದೇ. ಕಾರಣ ಗೊತ್ತಿದ್ದದ್ದೇ, ಮಳೆಗಾಲ ಹತ್ರ ಬಂತು, ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ ಅಂತ ದೊಡ್ಡ ಬೋಟುಗಳೆಲ್ಲ ದಡದಲ್ಲಿ, ಆಗ ಕಡಲಿಗೆ ಇಳಿಯೂದು 10 ಎಚ್‌ಪಿ ಒಳಗಿನ ನಾಡದೋಣಿಗಳು ಮಾತ್ರ. ಅಷ್ಟೊತ್ತಿಗೆ ಇಂಜಿನ್ ರೆಡಿ ಇಲ್ಲದಿದ್ರೆ ವರ್ಷದ ದುಡಿಮೆನೇ ಹೋಯ್ತು. ಹಾಗಾಗಿ ಮೊದಲ್ನೇ ಪತ್ರಕ್ಕೆ ಸ್ವಲ್ಪ ಉದ್ದವಾಗೇ ಬರ್ದಿದ್ದೇನೆ, ಅದೇ ತೊಂದ್ರೆ ಇರುವವ್ರು ತುಂಬ ಜನ ಇದ್ದಾರೆ.

ಪ್ರಶ್ನೆ: ಹ್ವಾಯ್, ನಮ್ದು ಎರಡು ಸಿಲಿಂಡರಿನ 9.9 ಎಚ್‌ಪಿ ಸೀಮೆಎಣ್ಣೆ ಇಂಜಿನ್, ಹಳೇದು ತಕಂಡದ್ದು. ಪೆಟ್ರೋಲಲ್ಲಿ ಸ್ಟಾರ್ಟ್ ಆಗ್ತದೆ, ಹೊಳೆಯಲ್ಲಿ ಚೆನ್ನಾಗೇ ಹೋಗ್ತದೆ, ಅರ್ಧ ಗಂಟೆ ಆದ್ಮೇಲೆ ಎಳೆಯೂದಿಲ್ಲ, ಬುಳುಬುಳು ಅಂತ ಸೌಂಡ್ ಇಳೀತದೆ, ಕೆಲವೊಮ್ಮೆ ನಿಂತೇ ಹೋಗ್ತದೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್. ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದ, ಕಾರ್ಬೋರೇಟರ್ ಕಿಟ್ ಹಾಕಿದ, ಏನೂ ಆಗ್ಲಿಲ್ಲ. ಈಗ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಕರೆಂಟಿನ ಡಬ್ಬಿ) ಹಾಕ್ಬೇಕು ಅಂತಿದ್ದಾನೆ. ಇನ್ನೊಂದು, ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡ್ಲಿಕ್ಕೆ ಹಗ್ಗ ಎಳೆದೂ ಎಳೆದೂ ಕೈ ಸೋಲ್ತದೆ. ಎಂತ ಮಾಡೂದು?
– ಓದುಗರು, ಗಂಗೊಳ್ಳಿ

ಉತ್ತರ: ಸಿಡಿಐ ಈಗ್ಲೇ ತಗೊಳ್ಬೇಡಿ ಮಾರಾಯ್ರೆ. ಅದು ಕೆಟ್ಟಿರ್ಲಿಕ್ಕಿಲ್ಲ ಅಂತ ನಾನು ಹೇಳೂದಲ್ಲ, ಆದ್ರೆ ಅದು ದುಬಾರಿ ಸಾಮಾನು, ಹಾಕಿ ನೋಡಿ ಆಗ್ಲಿಲ್ಲ ಅಂದ್ರೆ ವಾಪಸ್ ತಗೊಳ್ಳುವವ್ರು ಯಾರೂ ಇಲ್ಲ, ಮತ್ತೆ ನೀವು ಬರ್ದ ಲಕ್ಷಣಕ್ಕೆ ಅದಕ್ಕಿಂತ ಮೊದ್ಲು ನೋಡ್ಬೇಕಾದ ಜಾಗ ನಾಲ್ಕೈದು ಉಂಟು, ಅದ್ರಲ್ಲಿ ಕೆಲವಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಉಪಯೋಗ ಆದದ್ದು "ಅರ್ಧ ಗಂಟೆ ಆದ್ಮೇಲೆ" ಅನ್ನುವ ಮಾತು. ಇಂಜಿನ್ ಯಾವಾಗ ಕೈ ಕೊಡ್ತದೆ ಅನ್ನೂದನ್ನ ಸರಿಯಾಗಿ ಗಮನಿಸಿದ್ರೆ ಅರ್ಧ ಕೆಲಸ ಆದ ಹಾಗೆ. ಅರ್ಧ ಗಂಟೆ ಚೆನ್ನಾಗಿ ಎಳೆಯುವ ಇಂಜಿನ್ನಿಗೆ ಕಂಪ್ರೆಷನ್ ತೀರಾ ಹೋಗಿರ್ಲಿಕ್ಕಿಲ್ಲ, ಟೈಮಿಂಗ್ ತಪ್ಪಿರ್ಲಿಕ್ಕಿಲ್ಲ, ಕಾರ್ಬೋರೇಟರಲ್ಲಿ ಎಣ್ಣೆ ಬರುವ ತೂತು, ಮೇನ್ ಜೆಟ್, ಪೂರ್ತಿ ಕಟ್ಟಿರ್ಲಿಕ್ಕೂ ಇಲ್ಲ, ಇದ್ರಲ್ಲಿ ಯಾವ್ದು ಕೆಟ್ಟಿದ್ರೂ ಶುರುವಿನಿಂದಲೇ ಗೊತ್ತಾಗ್ತಿತ್ತು. ಹಾಗಾದ್ರೆ ಉಳಿಯೂದು ಮುಖ್ಯವಾಗಿ ಎರಡು. ಒಂದು, ಉರಿಯುವ ಎಣ್ಣೆ ಬೇಕಾದಷ್ಟು ಮೇಲೆ ಬರ್ತಾ ಇಲ್ಲ. ಇನ್ನೊಂದು, ಬಿಸಿಯಾದ ಮೇಲೆ ಯಾವುದೋ ಒಂದು ಭಾಗ ಸೋಲ್ತಾ ಉಂಟು.

ಎಣ್ಣೆಯಿಂದ ಶುರು ಮಾಡಿ. ಮುಂದಿನ ಸಲ ಸೌಂಡ್ ಇಳಿಲಿಕ್ಕೆ ಶುರುವಾದ ಕೂಡ್ಲೆ ಇಂಜಿನ್ ಆಫ್ ಮಾಡ್ಬೇಡಿ, ಒಬ್ರು ಹ್ಯಾಂಡಲ್ ಹಿಡ್ಕೊಳ್ಲಿ, ಇನ್ನೊಬ್ರು ಟ್ಯಾಂಕಿನಿಂದ ಬರುವ ಪೈಪಿನ ಮಧ್ಯದ ರಬ್ಬರ್ ಬಲ್ಬನ್ನ ಮುಟ್ಟಿ ನೋಡ್ಲಿ. ಬಲ್ಬ್ ಚಪ್ಪಟೆಯಾಗಿ ಒಳಗೆ ಎಳ್ಕೊಂಡಿದ್ರೆ ತೊಂದ್ರೆ ಟ್ಯಾಂಕಿನ ಕಡೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗ್ಲಿಕ್ಕೆ ಒಂದು ಸಣ್ಣ ಸ್ಕ್ರೂ ಇರ್ತದಲ್ಲ, ಅದು ಬಿಗಿಯಾಗಿದ್ರೆ ಅಥವಾ ಉಪ್ಪು ಕೂತು ಕಟ್ಟಿದ್ರೆ ಎಣ್ಣೆ ಇಳಿದ ಹಾಗೆ ಟ್ಯಾಂಕ್ ಒಳಗೆ ನಿರ್ವಾತ ಆಗ್ತದೆ, ಪಂಪು ಎಷ್ಟು ಎಳೆದ್ರೂ ಎಣ್ಣೆ ಬರೂದಿಲ್ಲ, ಇಂಜಿನ್ ನಿಲ್ತದೆ, ಸ್ವಲ್ಪ ಹೊತ್ತಲ್ಲಿ ಗಾಳಿ ನಿಧಾನಕ್ಕೆ ಒಳಗೆ ಹೋಗಿ ಸಮ ಆಗ್ತದೆ, ಮತ್ತೆ ಸ್ಟಾರ್ಟ್. ನಿಮ್ಮ ಲಕ್ಷಣವೂ ಹಾಗೇ ಉಂಟು ನೋಡಿ. ನಿಂತ ಕೂಡ್ಲೆ ಮುಚ್ಚಳ ತಿರುಗಿಸಿ, ಸುಸ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಕಳ್ಳ ಸಿಕ್ಕಿದ. ಅಲ್ಲಿ ಸರಿ ಇದ್ರೆ ಟ್ಯಾಂಕಿನ ಒಳಗಿನ ಕೊಳವೆಯ ತುದಿಯ ಜಾಲರಿ ನೋಡಿ, ಹಳೇ ಟ್ಯಾಂಕಲ್ಲಿ ತುಕ್ಕಿನ ಪುಡಿ, ಕೆಸರು ಅಲ್ಲೇ ಬಂದು ಕೂರೂದು.

ಬಲ್ಬ್ ಮೆತ್ತಗಿದ್ದು, ನೀವು ನಾಲ್ಕು ಸಲ ಒತ್ತಿದ ಕೂಡ್ಲೆ ಇಂಜಿನ್ ಮತ್ತೆ ಎತ್ಕೊಂಡ್ರೆ ಬೇರೆ ಕಥೆ. ಆಗ ಎಲ್ಲೋ ಗಾಳಿ ಎಳ್ಕೊಳ್ತಾ ಉಂಟು, ಇಲ್ಲ ಫ್ಯೂಯಲ್ ಪಂಪು ಸೋತಿದೆ. ಪೈಪ್ ಸಿಕ್ಕಿಸುವ ಕನೆಕ್ಟರಿನ ಒಳಗೆ ಒಂದು ಸಣ್ಣ ರಬ್ಬರ್ ರಿಂಗ್ ಇರ್ತದೆ, ಅದು ಸವೆದಿದ್ರೆ ಹೊರಗೆ ಎಣ್ಣೆ ಸೋರೂದು ಕಾಣೂದಿಲ್ಲ ಆದ್ರೆ ಒಳಗೆ ಗಾಳಿ ಹೋಗ್ತಾ ಇರ್ತದೆ, ತುಂಬ ಜನ ಇಲ್ಲೇ ಮೋಸ ಹೋಗೂದು. ಪಂಪಿನ ಒಳಗಿರೂದು ಒಂದು ತೆಳು ಪೊರೆ ಅಷ್ಟೇ, ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದ ಹಾಗೆ ಅದು ಬಡ್ಕೊಂಡು ಎಣ್ಣೆ ಎತ್ತೂದು. ವರ್ಷಗಟ್ಲೆ ಸೀಮೆಎಣ್ಣೆ ಕುಡಿದು ಅದು ಗಟ್ಟಿಯಾಗಿರ್ತದೆ, ಸೂಜಿಮೊನೆಯಷ್ಟು ತೂತಾದ್ರೂ ಸಾಕು, ನಿಧಾನ ಓಡುವಾಗ ಸಾಕಾಗುವಷ್ಟು ಎಣ್ಣೆ ಬರ್ತದೆ, ಫುಲ್ ಕೊಟ್ರೆ ಬರೂದಿಲ್ಲ. ಕಾರ್ಬೋರೇಟರ್ ಕಿಟ್ಟಲ್ಲಿ ಈ ಪೊರೆ ಎಷ್ಟೋ ಸಲ ಇರೂದೇ ಇಲ್ಲ, ಅದು ಬೇರೆ ಕಿಟ್. ನಿಮ್ಮ ಮೆಕ್ಯಾನಿಕ್ ಅದನ್ನ ಹಾಕಿದ್ದಾರಾ ಅಂತ ಕೇಳಿ ನೋಡಿ.

ಇಷ್ಟೆಲ್ಲ ತಲೆಬಿಸಿ ಬೇಡ ಅಂದ್ರೆ ಇನ್ನೊಂದು ಸುಲಭದ ದಾರಿ ಉಂಟು. ಪಕ್ಕದ ದೋಣಿಯವ್ರ ಹತ್ರ ಅದೇ ಕನೆಕ್ಟರಿನ ಟ್ಯಾಂಕ್, ಪೈಪ್ ಎರಡನ್ನೂ ಒಂದು ಗಂಟೆಗೆ ಕೇಳಿ ತಗೊಳ್ಳಿ, ಅದ್ರಲ್ಲಿ ಓಡ್ಸಿ. ತೊಂದ್ರೆ ಹೋದ್ರೆ ನಿಮ್ಮ ಟ್ಯಾಂಕು ಪೈಪಿನದ್ದೇ ದೋಷ, ಇಂಜಿನ್ ಬಿಚ್ಚುವ ಕೆಲಸವೇ ಇಲ್ಲ.

ಎಣ್ಣೆ ಸಾಕಾಗ್ತಾ ಉಂಟಾ ಇಲ್ವಾ ಅಂತ ತಿಳಿಲಿಕ್ಕೆ ಚೋಕ್ ಕೂಡ ಹೇಳ್ತದೆ. ಎಳೆಯೂದು ಕಮ್ಮಿ ಆದಾಗ ಚೋಕ್ ಸ್ವಲ್ಪ, ಕಾಲು ಭಾಗ ಮಾತ್ರ ಎಳೆಯಿರಿ. ಇಂಜಿನ್ ಚೇತರಿಸ್ಕೊಂಡ್ರೆ ಎಣ್ಣೆ ಕಮ್ಮಿ ಅಂತ ಅರ್ಥ. ಇನ್ನೂ ಸೋತು ಕಪ್ಪು ಹೊಗೆ ಬಂದ್ರೆ ಎಣ್ಣೆ ಉಂಟು, ತೊಂದ್ರೆ ಬೇರೆ ಕಡೆ.

ಬಲ್ಬ್ ಗಟ್ಟಿಯಾಗೇ ಉಂಟು, ಚೋಕ್ ಎಳೆದ್ರೂ ವ್ಯತ್ಯಾಸ ಇಲ್ಲ ಅಂತಾದ್ರೆ ಬಿಸಿಯ ಕಡೆ ಹೋಗ್ಬೇಕು. ಹಿಂದಿನಿಂದ ಹಾರುವ ನೀರು ಹೇಗೆ ಬರ್ತಾ ಉಂಟು? ಸೋತ ಹೊತ್ತಲ್ಲಿ ನೋಡಿ, ಸ್ಟಾರ್ಟ್ ಮಾಡಿದ ಕೂಡ್ಲೆ ಅಲ್ಲ. ಧಾರೆ ಸಣ್ಣ ಆಗಿದ್ರೆ ಮೊದ್ಲು ಆ ತೂತಿಗೇ ಒಂದು ಸಣ್ಣ ತಂತಿ ಹಾಕಿ ಬಿಡಿಸಿ, ಮರಳು ಕಟ್ಟಿರ್ತದೆ. ಕವರ್ ತೆಗ್ದು ಸಿಲಿಂಡರ್ ಹೆಡ್ಡಿನ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ, ಚುಂಯ್ ಅಂತ ಕುದಿದು ಹೋದ್ರೆ ಇಂಜಿನ್ ಮಿತಿ ಮೀರಿ ಕಾದಿದೆ, ಕೆಳಗಿನ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಬದಲಾಯಿಸ್ಬೇಕು, ಒಳಗಿನ ನೀರಿನ ದಾರಿಯಲ್ಲಿ ಕಟ್ಟಿದ ಉಪ್ಪು ತೆಗೀಬೇಕು. ಹಾಗೇ ಓಡ್ಸಿದ್ರೆ ಪಿಸ್ಟನ್ ಹಿಡ್ಕೊಳ್ತದೆ, ಆಮೇಲೆ ಖರ್ಚು ಬೇರೆಯೇ. ದಿನಾ ದಡಕ್ಕೆ ಬಂದ್ಮೇಲೆ ಡ್ರಮ್ಮಲ್ಲಿ ಸಿಹಿನೀರು ತುಂಬಿ ಅದ್ರಲ್ಲಿ ಇಂಜಿನ್ ಐದು ನಿಮಿಷ ಓಡ್ಸುವ ಅಭ್ಯಾಸ ಇದ್ರೆ ಈ ಉಪ್ಪಿನ ಕಾಟ ತುಂಬ ಕಮ್ಮಿ ಆಗ್ತದೆ.

ನೀರೂ ಸರಿ ಉಂಟು ಅಂದ್ರೆ ಆಗ ಕರೆಂಟು. ಕಾಯಿಲ್ ಒಳಗಿನ ತಂತಿ ಕಾದಾಗ ಬಿಟ್ಕೊಂಡು, ತಣ್ಣಗಾದಾಗ ಮತ್ತೆ ಕೂಡ್ಕೊಳ್ಳೂದು ಹಳೇ ಇಂಜಿನ್ನಲ್ಲಿ ಉಂಟು. ಆದ್ರೆ ಇದನ್ನ ಪರೀಕ್ಷೆ ಮಾಡ್ಬೇಕಾದ್ದು ಇಂಜಿನ್ ಸೋತ ಕ್ಷಣದಲ್ಲಿ, ಬಿಸಿ ಇರುವಾಗ್ಲೇ. ಮಾರನೇ ದಿನ ಅಂಗಡಿಯ ನೆರಳಲ್ಲಿ ಇಟ್ಟು ಕಿಡಿ ನೋಡಿದ್ರೆ ನೀಲಿಯಾಗಿ ಚೆನ್ನಾಗೇ ಬರ್ತದೆ, ಅದ್ರಿಂದ ಏನೂ ತಿಳಿಯೂದಿಲ್ಲ. ಹೊಳೆ ದಡದಲ್ಲಿ ದೋಣಿ ಕಟ್ಟಿ, ಸೋಲುವ ತನಕ ಓಡ್ಸಿ, ಸೋತ ಕೂಡ್ಲೆ ಎರಡೂ ಪ್ಲಗ್ ತೆಗ್ದು ವೈರಿಗೆ ಸಿಕ್ಕಿಸಿ ಬ್ಲಾಕಿಗೆ ತಾಗಿಸಿ ಹಗ್ಗ ಎಳೆದು ನೋಡಿ. ಪ್ಲಗ್ ತೂತಿನಿಂದಲೂ ಎಣ್ಣೆ ಹಾರ್ತದೆ, ಹಾಗಾಗಿ ಕಿಡಿ ಅದ್ರಿಂದ ದೂರ ಇರ್ಲಿ, ಪೆಟ್ರೋಲ್ ಕ್ಯಾನನ್ನ ದೋಣಿಯಿಂದ ಹೊರಗೆ ಇಟ್ಟು ಮಾಡಿ, ಇದು ತಮಾಷೆಯ ವಿಷಯ ಅಲ್ಲ. ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ರೆ ಆ ಕಡೆಯ ಕಾಯಿಲ್, ವೈರ್, ಕ್ಯಾಪ್. ಎರಡರಲ್ಲೂ ಇಲ್ಲದಿದ್ರೆ ಮೊದ್ಲು ಆಫ್ ಸ್ವಿಚ್ಚಿನ ವೈರ್ ಬಿಡಿಸಿ ನೋಡಿ, ಉಪ್ಪುನೀರಿಗೆ ಆ ಸ್ವಿಚ್ಚು ಒಳಗೇ ಅರ್ತ್ ಆಗಿ ಕಿಡಿ ಕೊಲ್ತದೆ, ಕಾಯಿಲಿನ ಅರ್ತ್ ಬೋಲ್ಟ್ ಹಸಿರುಗಟ್ಟಿದ್ರೆ ಉಜ್ಜಿ ಬಿಗಿ ಮಾಡಿ. ಇದೆಲ್ಲ ಮುಗಿದ್ಮೇಲೆ ಸಿಡಿಐ ಮಾತು.

ತೆಗೆದ ಪ್ಲಗ್ ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕಾಫಿ ಬಣ್ಣ ಇದ್ರೆ ಚೆನ್ನಾಗಿದೆ. ಒಂದು ಒದ್ದೆಯಾಗಿ ಕಪ್ಪಗಿದ್ರೆ ಆ ಸಿಲಿಂಡರ್ ಉರೀತಾ ಇಲ್ಲ. ಬಿಳಿಚಿಕೊಂಡಿದ್ರೆ ಎಣ್ಣೆ ಕಮ್ಮಿ ಅಥವಾ ಬಿಸಿ ಜಾಸ್ತಿ. ಒಂದು ಮಾತ್ರ ಉಜ್ಜಿ ತೊಳೆದ ಹಾಗೆ ಹೊಳೀತಾ ಇದ್ರೆ ಹೆಡ್ ಗ್ಯಾಸ್ಕೆಟ್ ಹೋಗಿ ಒಳಗೆ ನೀರು ಬರ್ತಾ ಉಂಟು ಅಂತ ಸಂಶಯ ಪಡಿ.

ಇನ್ನು ಬೆಳಿಗ್ಗೆ ಸ್ಟಾರ್ಟ್ ಆಗದ್ದು. ಇದು ಬೇರೆ ಸಮಸ್ಯೆ ಅಂತ ನನ್ನ ಅಂದಾಜು. ನೀವು ದಡಕ್ಕೆ ಬಂದು ಸೀಮೆಎಣ್ಣೆಯಲ್ಲೇ ಇಂಜಿನ್ ನಿಲ್ಲಿಸ್ತೀರಿ ಅಲ್ವಾ? ಸೀಮೆಎಣ್ಣೆ ತಣ್ಣಗಿನ ಇಂಜಿನ್ನಲ್ಲಿ ಆವಿ ಆಗೂದಿಲ್ಲ, ಅದಕ್ಕೇ ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೂದು. ನಿಲ್ಲಿಸುವಾಗ್ಲೂ ಅದೇ ನಿಯಮ, ದಡ ಸೇರುವ ನಾಲ್ಕೈದು ನಿಮಿಷ ಮೊದ್ಲೇ ಕಾಕ್ ಪೆಟ್ರೋಲಿಗೆ ತಿರುಗಿಸ್ಬೇಕು, ಕಾರ್ಬೋರೇಟರಿನ ಬೌಲಲ್ಲಿ ಪೆಟ್ರೋಲ್ ತುಂಬಿದ ಮೇಲೆ ಆಫ್ ಮಾಡ್ಬೇಕು. ಪೆಟ್ರೋಲಿಗೆ ರೇಟ್ ಜಾಸ್ತಿ ಅಂತ ಇದನ್ನ ಬಿಡುವವ್ರು ತುಂಬ ಜನ, ಆದ್ರೆ ಬೌಲಲ್ಲಿ ಉಳಿದ ಸೀಮೆಎಣ್ಣೆ ಮಾರನೇ ಬೆಳಿಗ್ಗೆ ಪ್ಲಗ್ ನೆನೆಸ್ತದೆ, ಮತ್ತೆ ಎಷ್ಟು ಹಗ್ಗ ಎಳೆದ್ರೂ ಅಷ್ಟೇ. ಗಡಿಬಿಡಿಯಲ್ಲಿ ಇಂಜಿನ್ ಕಾಯುವ ಮೊದ್ಲೇ ಸೀಮೆಎಣ್ಣೆಗೆ ತಿರುಗಿಸಿದ್ರೂ ಅರೆಬರೆ ಉರಿದು ಪಿಸ್ಟನ್ ರಿಂಗಿನ ಸಂದಿಯಲ್ಲಿ, ಹೊಗೆ ಹೋಗುವ ದಾರಿಯಲ್ಲಿ ಮಸಿ ಕಟ್ತದೆ, ರಿಂಗ್ ಅಂಟ್ಕೊಳ್ತದೆ, ಕಂಪ್ರೆಷನ್ ಇಳೀತದೆ.

ಹಾಗಾಗಿ ಮಳೆಗಾಲಕ್ಕೆ ಇಳಿಯುವ ಮೊದ್ಲು ಒಮ್ಮೆ ಕಂಪ್ರೆಷನ್ ಗೇಜ್ ಹಾಕಿ ನೋಡ್ಸಿ. ಎರಡೂ ಪ್ಲಗ್ ತೆಗ್ದು, ವೈರುಗಳನ್ನ ಅರ್ತ್ ಮಾಡಿ, ಆಕ್ಸಿಲೇಟರ್ ಪೂರ್ತಿ ಕೊಟ್ಟು ಹಗ್ಗ ಎಳೀಬೇಕು. ಸೀಮೆಎಣ್ಣೆ ಇಂಜಿನ್ನಿಗೆ ಕಂಪ್ರೆಷನ್ ಕಮ್ಮಿಯೇ ಇಟ್ಟಿರ್ತಾರೆ, ಪೆಟ್ರೋಲ್ ಇಂಜಿನ್ನಿನ ನಂಬರ್ ಜೊತೆ ಹೋಲಿಸಿ ಹೆದರ್ಬೇಡಿ. ನೋಡ್ಬೇಕಾದ್ದು ಎರಡು ಸಿಲಿಂಡರಿನ ಮಧ್ಯದ ವ್ಯತ್ಯಾಸ, ಅದು ನೂರಕ್ಕೆ 10–15ಕ್ಕಿಂತ ಜಾಸ್ತಿ ಇದ್ರೆ ಕಮ್ಮಿ ಇರುವ ಕಡೆ ಹೆಡ್ ಬಿಚ್ಚೂದೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ಮೇಲೆ ಅರ್ಧ ಗಂಟೆ ಓಡ್ಸಿ ನೋಡಿ, ಆಮೇಲೆ ಮುಂದಿನದ್ದು. ಪ್ಲಗ್ಗೂ ಕಿಟ್ಟೂ ಕಾಯಿಲ್ಲೂ ಒಟ್ಟಿಗೇ ಹಾಕಿದ್ರೆ ಯಾವುದರಿಂದ ಸರಿ ಆಯ್ತು ಅಂತ ಯಾರಿಗೂ ಗೊತ್ತಾಗೂದಿಲ್ಲ. ಮತ್ತೆ ಈ ಪರೀಕ್ಷೆ ಎಲ್ಲ ಹೊಳೆಯ ಒಳಗೇ ಆಗ್ಲಿ, ದಯವಿಟ್ಟು. ಗಂಗೊಳ್ಳಿ ಅಳಿವೆ ಎಂಥದ್ದು ಅಂತ ನಿಮಗೆ ನಾನು ಹೇಳ್ಬೇಕಾ, ಪಂಚಗಂಗಾವಳಿಯ ಐದೂ ಹೊಳೆಯ ನೀರು ಒಂದೇ ಬಾಯಲ್ಲಿ ಕಡಲಿಗೆ ಬೀಳೂದು, ಮಳೆಗಾಲದ ತೆರೆಗೆ ಎದುರಾಗಿ ಹೋಗುವಾಗ ಇಂಜಿನ್ ಒಂದು ನಿಮಿಷ ಸೋತ್ರೂ ದೋಣಿ ಅಡ್ಡ ತಿರುಗ್ತದೆ. ಸರಿ ಆಯ್ತು ಅಂತ ಪೂರ್ತಿ ನಂಬಿಕೆ ಬರುವ ತನಕ ಅಳಿವೆ ದಾಟ್ಬೇಡಿ, ದಾಟುವಾಗ ಲೈಫ್ ಜಾಕೆಟ್ ಮೈ ಮೇಲೇ ಇರ್ಲಿ, ಹುಟ್ಟು, ಹೊಸ ಪ್ಲಗ್ ಒಂದು ಜೊತೆ, ಪ್ಲಗ್ ಸ್ಪ್ಯಾನರ್ ದೋಣಿಯಲ್ಲಿ ಇರ್ಲಿ.

ಪ್ರಶ್ನೆ: ಇಂಜಿನ್ ಸೌಂಡ್ ಜೋರು ಬರ್ತದೆ, ದೋಣಿ ಮಾತ್ರ ಮುಂದೆ ಹೋಗೂದಿಲ್ಲ. ಗೇರ್ ಹೋಗಿದ್ಯಾ?
– ಓದುಗರು, ಮಲ್ಪೆ

ಉತ್ತರ: ಗೇರ್ ಆಗಿರ್ಬೇಕು ಅಂತಿಲ್ಲ. ನೀರಲ್ಲಿ ತಿರುಗುವ ಫ್ಯಾನಿನ (ಪ್ರೊಪೆಲ್ಲರ್) ಮಧ್ಯದಲ್ಲಿ ಒಂದು ರಬ್ಬರ್ ಬುಷ್ ಇರ್ತದೆ, ಕಲ್ಲಿಗೋ ಬಲೆಗೋ ಬಡಿದಾಗ ಗೇರ್ ಉಳಿಸ್ಲಿಕ್ಕೆ ಅಂತ ಹಾಕಿದ್ದು, ಅದು ಸವೆದ್ರೆ ಒಳಗಿನ ಶಾಫ್ಟ್ ತಿರುಗ್ತದೆ, ಫ್ಯಾನ್ ತಿರುಗೂದಿಲ್ಲ. ಪೆಯಿಂಟಲ್ಲಿ ಬುಷ್ಷಿನ ಒಳಭಾಗದಿಂದ ಹೊರಭಾಗಕ್ಕೆ ಒಂದು ನೇರ ಗೆರೆ ಎಳೆಯಿರಿ, ಒಣಗಿದ ಮೇಲೆ ಜೋರು ಓಡ್ಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ರೆ ಬುಷ್ ಹೋಗಿದೆ. ಸಣ್ಣ ಹಳೇ ಇಂಜಿನ್ನಲ್ಲಿ ಬುಷ್ ಬದಲಿಗೆ ಒಂದು ಪಿನ್ ಇರ್ತದೆ, ಅದು ತುಂಡಾದ್ರೂ ಇದೇ ಲಕ್ಷಣ, ಅಲ್ಲಿ ಮೊಳೆ ಹೊಡೆದು ಓಡ್ಸ್ಬೇಡಿ, ಮುಂದಿನ ಸಲ ಬಡಿದಾಗ ಗೇರ್ ಹಲ್ಲೇ ಹೋಗ್ತದೆ. ಫ್ಯಾನ್ ತೆಗೆದಾಗ ಶಾಫ್ಟಿಗೆ ನೈಲಾನ್ ದಾರ ಸುತ್ತಿದೆಯಾ ನೋಡಿ, ಅದು ಸೀಲನ್ನ ಕೊಯ್ದು ಗೇರ್ ಆಯಿಲಿಗೆ ನೀರು ಬಿಡ್ತದೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಸೀಲ್ ಬದಲಾಯಿಸಿ.

ಪ್ರಶ್ನೆ: ಶರಾವತಿಯಲ್ಲಿ ಪ್ರವಾಸಿಗರನ್ನ ಕರ್ಕೊಂಡು ಹೋಗುವ ಸಣ್ಣ ದೋಣಿ ಉಂಟು, ಪೆಟ್ರೋಲ್ ಇಂಜಿನ್, ಟೂ ಸ್ಟ್ರೋಕ್. ಕಳೆದ ಮಳೆಗಾಲ ಇಡೀ ಕಟ್ಟಿಟ್ಟಿದ್ದೆ, ಆಮೇಲಿಂದ ಸ್ಟಾರ್ಟ್ ಆದ್ರೆ ಜೋರಲ್ಲಿ ಓಡ್ತದೆ, ನಿಧಾನ ಮಾಡಿದ ಕೂಡ್ಲೆ ನಿಲ್ತದೆ. ಜೆಟ್ಟಿ ಹತ್ರ ಬರುವಾಗ ತುಂಬ ಕಷ್ಟ ಆಗ್ತದೆ.
– ಓದುಗರು, ಹೊನ್ನಾವರ

ಉತ್ತರ: ಜೋರಲ್ಲಿ ಸರಿ, ನಿಧಾನದಲ್ಲಿ ಇಲ್ಲ ಅಂದ್ರೆ ಹೆಚ್ಚಾಗಿ ಕಾರ್ಬೋರೇಟರಿನ ಪೈಲಟ್ ಜೆಟ್, ನಿಧಾನ ಓಡುವಾಗ ಪೆಟ್ರೋಲ್ ಕೊಡುವ ತೂತು. ತೂತು ಕೂದಲೆಳೆಯಷ್ಟು ಸಣ್ಣ, ಬೌಲಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟಿನ ಹಾಗೆ ಕೂತ್ರೆ ಮೊದ್ಲು ಕಟ್ಟೂದು ಅದೇ. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಸಿ, ಆಮೇಲೆ ಗಾಳಿ ಹೊಡೀರಿ. ಉಕ್ಕಿನ ತಂತಿ, ಸೂಜಿ ಹಾಕ್ಬೇಡಿ, ತೂತು ದೊಡ್ಡದಾದ್ರೆ ಆ ಜೆಟ್ ಬಿಸಾಡ್ಬೇಕಾಗ್ತದೆ, ಬೇಕಾದ್ರೆ ಸಪೂರ ನೈಲಾನ್ ಎಳೆ ಹಾಕಿ. ಬಿಚ್ಚುವ ಮೊದ್ಲು ಹೊರಗಿನ ಗಾಳಿ ಸ್ಕ್ರೂ ಎಷ್ಟು ಸುತ್ತು ಒಳಗೆ ಹೋಗ್ತದೆ ಅಂತ ಎಣಿಸಿ ಬರ್ದಿಟ್ಕೊಳ್ಳಿ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು ಹೇಳ್ಲೇಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಇ20 ಬಿಡುಗಡೆ ಆಯ್ತಲ್ಲ, ಈಗ ಬಂಕಲ್ಲಿ ಸಿಗೂದು ಹೆಚ್ಚಾಗಿ ಅದೇ, ನೂರಕ್ಕೆ 20 ಎಥನಾಲ್. ಎಥನಾಲ್ ಗಾಳಿಯ ತೇವ ಎಳ್ಕೊಳ್ತದೆ, ನಮ್ಮ ಕರಾವಳಿ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಲ್ಲಿ ತಿಂಗಳುಗಟ್ಲೆ ಇಟ್ರೆ ನೀರೂ ಎಥನಾಲೂ ಸೇರಿ ತಳದಲ್ಲಿ ಬೇರೆ ಪದರ ಆಗಿ ನಿಲ್ಬಹುದು, ಟ್ಯಾಂಕಿನ ಕೊಳವೆ ಎಳೆಯೂದು ತಳದ್ದನ್ನೇ. ತಳದಿಂದ ಸ್ವಲ್ಪ ತೆಗ್ದು ಗಾಜಿನ ಬಾಟ್ಲಿಗೆ ಹಾಕಿ ಒಂದು ಗಂಟೆ ಬಿಡಿ, ಮಧ್ಯದಲ್ಲಿ ಗೆರೆ ಕಂಡ್ರೆ ಆ ಪೆಟ್ರೋಲ್ ಇಂಜಿನ್ನಿಗೆ ಹಾಕ್ಲೇಬೇಡಿ. ಹಳೇ ಕಾಲದ ರಬ್ಬರ್ ಪೈಪ್, ಪಂಪಿನ ಪೊರೆ ಎಥನಾಲಿಗೆ ತಯಾರಾದದ್ದಲ್ಲ, ಊದಿ ಮೆತ್ತಗಾಗ್ತದೆ, ಒಮ್ಮೆ ಎಲ್ಲ ಹೊಸತು ಹಾಕಿ ಬಿಡೂದು ಒಳ್ಳೇದು. ಮುಂದಿನ ಮಳೆಗಾಲಕ್ಕೆ ಕಟ್ಟಿಡುವಾಗ ಪೈಪ್ ಕಳಚಿ, ಇಂಜಿನ್ ತಾನಾಗೇ ನಿಲ್ಲುವ ತನಕ ಸಿಹಿನೀರಲ್ಲಿ ಓಡ್ಸಿ, ಬೌಲಿನ ಕೆಳಗಿನ ಸ್ಕ್ರೂ ತೆಗ್ದು ಉಳಿದ ಹನಿ ಇಳಿಸಿ.

ಪ್ರಶ್ನೆ: ಔಟ್‌ಬೋರ್ಡಿನ ಪೆಟ್ರೋಲಿಗೆ ಬೈಕಿನ 2ಟಿ (ಟೂ ಸ್ಟ್ರೋಕ್) ಆಯಿಲ್ ಹಾಕ್ಬಹುದಾ? ಎಷ್ಟು ಹಾಕ್ಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.
– ಓದುಗರು, ಅಂಕೋಲಾ

ಉತ್ತರ: ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಬರ್ದಿರುವ ಆಯಿಲನ್ನೇ ತಗೊಳ್ಳಿ, ಅದು ನೀರಲ್ಲಿ ತಣ್ಣಗಾಗುವ ಔಟ್‌ಬೋರ್ಡಿಗೆ ಅಂತಲೇ ಮಾಡಿದ್ದು. ಬೈಕಿನದ್ದು ಗಾಳಿಯಲ್ಲಿ ತಣ್ಣಗಾಗುವ, ಹೆಚ್ಚು ಕಾಯುವ ಇಂಜಿನ್ನಿಗೆ. ಕಡಲಲ್ಲಿ ಬೇರೆ ದಾರಿ ಇಲ್ಲದಾಗ ಒಂದು ದಿನಕ್ಕೆ ಹಾಕಿದ್ರೆ ಇಂಜಿನ್ ಸಾಯೂದಿಲ್ಲ, ಅಭ್ಯಾಸ ಮಾಡ್ಬೇಡಿ. ಅಳತೆ ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಇದ್ದದ್ದೇ ಸರಿ. 50ಕ್ಕೆ 1 ಅಂದ್ರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದ್ರೆ 40 ಎಂಎಲ್. ಅಂದಾಜಲ್ಲಿ ಮುಚ್ಚಳದಲ್ಲಿ ಸುರಿಯೂದು ಬಿಟ್ಟು ಮೆಡಿಕಲ್ಲಲ್ಲಿ ಸಿಗುವ ಅಳತೆ ಕಪ್ ಇಟ್ಕೊಳ್ಳಿ. ಸೀಮೆಎಣ್ಣೆಗೂ ಆಯಿಲ್ ಸೇರಿಸ್ಬೇಕು, ಅದೇ ಎಣ್ಣೆ ತಾನೆ ಅಂತ ಬಿಟ್ಟವ್ರ ಇಂಜಿನ್ ಹಿಡ್ಕೊಂಡದ್ದು ಉಂಟು.

ಪ್ರಶ್ನೆ: ಈ ಔಟ್‌ಬೋರ್ಡ್ ಇಂಜಿನ್ ಮೊದ್ಲು ಮಾಡಿದ್ದು ಯಾರು?
– ವಿದ್ಯಾರ್ಥಿನಿ, ಕುಮಟಾ

ಉತ್ತರ: ಒಬ್ರೇ ಅಂತ ಹೇಳ್ಲಿಕ್ಕೆ ಆಗೂದಿಲ್ಲಮ್ಮ, ಅಮೆರಿಕದಲ್ಲಿ 1909ಕ್ಕೂ ಸ್ವಲ್ಪ ಮೊದ್ಲೇ ಕ್ಯಾಮರಾನ್ ವಾಟರ್‌ಮನ್ ಅನ್ನುವವ್ರು ಮಾಡಿ ಮಾರಿದ್ರು. ಆದ್ರೆ ಇದನ್ನ ಜನರ ಕೈಗೆ ಮುಟ್ಟಿಸಿದ್ದು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕೀಯಲ್ಲಿ ಕೆಲಸ ಮಾಡ್ತಿದ್ದ ಓಲೆ ಎವಿನ್‌ರೂಡ್, 1909ರಿಂದ. ಯಮಾಹಾದ ಮೊದಲ ಔಟ್‌ಬೋರ್ಡ್ ಬಂದದ್ದು 1960ರಲ್ಲಿ. ಎವಿನ್‌ರೂಡ್ ಹೆಸರಿನ ಇಂಜಿನ್ ತಯಾರಿ 2020ರಲ್ಲಿ ನಿಂತು ಹೋಯ್ತು.

ಪ್ರಶ್ನೆ: ಕಳೆದ ವರ್ಷ ತೆರೆಗೆ ದೋಣಿ ಮಗುಚಿ ಇಂಜಿನ್ ಮುಳುಗಿತು, ಜನ ಎಲ್ಲ ಬಚಾವ್. ಇಂಜಿನ್ ಎತ್ತಿ ತಂದು ಒಣಗ್ಲಿ ಅಂತ ಎರಡು ದಿನ ಬಿಸಿಲಿಗೆ ಇಟ್ವಿ, ಆಮೇಲೆ ಅದು ತಿರುಗ್ಲೇ ಇಲ್ಲ. ಮುಂದೆ ಹೀಗಾದ್ರೆ ಎಂತ ಮಾಡ್ಬೇಕಿತ್ತು?
– ಓದುಗರು, ಉಪ್ಪುಂದ

ಉತ್ತರ: ಜನ ಉಳಿದ್ರಲ್ಲ, ಅದೇ ದೊಡ್ಡದು. ಒಣಗ್ಲಿಕ್ಕೆ ಇಟ್ಟದ್ದೇ ಇಂಜಿನ್ನಿಗೆ ಮುಳುವಾದದ್ದು. ನೀರಿನ ಒಳಗೆ ಇರುವಾಗ ಆಗುವ ಹಾಳಿಗಿಂತ ಉಪ್ಪುನೀರು ಒಳಗೆ ಇಟ್ಕೊಂಡು ಗಾಳಿಗೆ ಬಂದ ಮೇಲೆ ಆಗೂದು ಬೇಗ, ಬೇರಿಂಗು, ಕ್ರ್ಯಾಂಕು ಕೆಲವೇ ಗಂಟೆಯಲ್ಲಿ ತುಕ್ಕು ಹಿಡೀಲಿಕ್ಕೆ ಶುರು. ಎತ್ತಿದ ಕೂಡ್ಲೆ ಕವರ್ ತೆಗ್ದು ಸಿಹಿನೀರು ಧಾರಾಳ ಹೊಯ್ದು ತೊಳೀರಿ, ಪ್ಲಗ್ ತೆಗೀರಿ, ಪ್ಲಗ್ ತೂತು ಕೆಳಗೆ ಬರುವ ಹಾಗೆ ಮಲಗಿಸಿ ಕೈಯಲ್ಲಿ ಮೆಲ್ಲ ತಿರುಗಿಸಿ ನೀರು ಇಳಿಸಿ. ಓಡ್ತಾ ಇರುವಾಗ್ಲೇ ಮುಳುಗಿದ್ರೆ ಒಳಗೆ ನೀರು ಸಿಕ್ಕಿ ಕನೆಕ್ಟಿಂಗ್ ರಾಡ್ ಬಗ್ಗಿರ್ಬಹುದು, ಮರಳು ಹೋಗಿರ್ಲೂಬಹುದು, ತಿರುಗಿಸುವಾಗ ಎಲ್ಲಾದ್ರೂ ಹಿಡಿದ್ರೆ ಅಥವಾ ಕರಕರ ಅಂದ್ರೆ ಒತ್ತಾಯ ಮಾಡ್ಬೇಡಿ, ಬಿಚ್ಚಲೇಬೇಕು. ಸಲೀಸಾಗಿ ತಿರುಗಿದ್ರೆ ಟ್ಯಾಂಕು, ಕಾರ್ಬೋರೇಟರಲ್ಲಿ ಇದ್ದದ್ದನ್ನ ಚೆಲ್ಲಿ, ಸಿಲಿಂಡರ್ ಒಳಗೂ ಕಾರ್ಬೋರೇಟರ್ ಬಾಯಿಗೂ 2ಟಿ ಆಯಿಲ್ ಹಾಕಿ ತಿರುಗಿಸಿ, ಹೊಸ ಎಣ್ಣೆ ಹೊಸ ಪ್ಲಗ್ ಹಾಕಿ ಅದೇ ದಿನ ಸ್ಟಾರ್ಟ್ ಮಾಡಿ, ಡ್ರಮ್ಮಿನ ಸಿಹಿನೀರಲ್ಲಿ ಅರ್ಧ ಗಂಟೆಯಾದ್ರೂ ಓಡ್ಲಿ. ಮೆಕ್ಯಾನಿಕ್ ಬರೂದು ಮಾರನೇ ದಿನ ಅಂತಾದ್ರೆ ಇಂಜಿನ್ನನ್ನ ದಡದಲ್ಲಿ ಒಣಗಿಸ್ಬೇಡಿ, ದೊಡ್ಡ ಡ್ರಮ್ಮಲ್ಲಿ ಸಿಹಿನೀರು ತುಂಬಿ ಅದ್ರಲ್ಲೇ ಪೂರ್ತಿ ಮುಳುಗಿಸಿ ಇಡಿ, ಅವ್ರು ಬಂದು ಬಿಚ್ಚಲಿಕ್ಕೆ ಕೂತಾಗ್ಲೇ ಹೊರಗೆ ತೆಗೀರಿ.